ಅಗ್ರೀಯಬಲ್ ಗ್ರೇ, ಆಕ್ಸೆಸಿಬಲ್ ಬೇಜ್: ಐದು ವರ್ಷ ಇವುಗಳ ನಡುವೆ ಬಾಳಿದ ಮೇಲೆ

ನಾರ್ತ್ ಕ್ಯಾರೊಲೈನಾದ ನಮ್ಮ ಮನೆಗೆ ಬಣ್ಣ ಹೊಡೆಸಿ ಐದು ವರ್ಷವಾಯಿತು. ಎರಡೂ ಅಮೆರಿಕದ ಶೆರ್ವಿನ್-ವಿಲಿಯಮ್ಸ್ ಕಂಪನಿಯ ಬಣ್ಣಗಳೇ. ಲಿವಿಂಗ್ ರೂಮಿಗೆ 7029 ನಂಬರಿನ ಅಗ್ರೀಯಬಲ್ ಗ್ರೇ, ಅಂದರೆ ತುಸು ಬೆಚ್ಚನೆಯ ಬೂದು. ಊಟದ ಕೋಣೆಗೂ ದೇವರ ಕೋಣೆಗೂ 7036 ನಂಬರಿನ ಆಕ್ಸೆಸಿಬಲ್ ಬೇಜ್, ಅಂದರೆ ಬೂದು ಬೆರೆತ ತಿಳಿ ಕಂದು. ಅಂಗಡಿಯಲ್ಲಿ ಕಾರ್ಡುಗಳನ್ನು ಪಕ್ಕಪಕ್ಕ ಹಿಡಿದಾಗ ನಮ್ಮ ಮನೆಯವರು, "ಎರಡೂ ಒಂದೇ ಅಲ್ವೇನೇ?" ಅಂದಿದ್ದರು. ಅಂಕಿಯೂ ಹಾಗೇ ಇದೆ: ಬೆಳಕನ್ನು ಎಷ್ಟು ಹಿಂತಿರುಗಿಸುತ್ತದೆ ಎಂದು ತೋರಿಸುವ ಎಲ್‌ಆರ್‌ವಿ ಗ್ರೇಗೆ 60, ಬೇಜ್‌ಗೆ 58.

ನಮ್ಮ ಲಿವಿಂಗ್ ರೂಮಿನ ಕಿಟಕಿ ಉತ್ತರಕ್ಕಿದೆ. ನೇರ ಬಿಸಿಲು ಬೀಳುವುದಿಲ್ಲ, ಬರುವುದೆಲ್ಲ ಆಕಾಶದ ನೀಲಿ ಬೆರೆತ ಬೆಳಕು. ಮೊದಲ ಡಿಸೆಂಬರಿನಲ್ಲಿ, ಮಧ್ಯಾಹ್ನ ಮೂರು ಗಂಟೆಗೇ ಗೋಡೆ ಬೂದಿ ಬಣ್ಣಕ್ಕೆ ತಿರುಗಿತು, ಮೂಲೆಗಳಲ್ಲಿ ತುಸು ನೇರಳೆಯೂ ಇಣುಕಿತು. ಊರಿಂದ ತರಿಸಿದ ತೇಗದ ಉಯ್ಯಾಲೆ ಅದರ ಮುಂದೆ ಕಳೆಗುಂದಿತು. ಬಲ್ಬುಗಳನ್ನು 4000 ಕೆಲ್ವಿನ್‌ನಿಂದ 2700ಕ್ಕೆ, ಅಂದರೆ ಬಿಳಿ ಬೆಳಕಿನಿಂದ ಹಳದಿ ಬೆಳಕಿಗೆ ಬದಲಾಯಿಸಿದೆ. ಸಂಜೆ ಸರಿಹೋಯಿತು, ಹಗಲಿಗೆ ಪ್ರಯೋಜನವಾಗಲಿಲ್ಲ. ಬಣ್ಣದಲ್ಲಿ ಕುಂದಿಲ್ಲ, ನಾನು ಅದಕ್ಕೆ ಕೊಟ್ಟ ಕೋಣೆ ಸರಿಯಿರಲಿಲ್ಲ.

ಬೇಜ್ ಮಾತ್ರ ನನ್ನ ಮನಸ್ಸು ಗೆದ್ದಿತು. ದೇವರ ಕೋಣೆಗೆ ಕಿಟಕಿಯೇ ಇಲ್ಲ. ದೀಪ ಹಚ್ಚಿದರೆ ಗೋಡೆ, ಬಿಸಿ ಹಾಲಿಗೆ ಒಂದೇ ಚಮಚ ಡಿಕಾಕ್ಷನ್ ಬಿದ್ದ ಹಾಗೆ ಕಾಣುತ್ತದೆ. ಹಿತ್ತಾಳೆ ದೀಪದ ಕಂಬ, ಮೈಸೂರು ಶೈಲಿಯ ಚಿತ್ರದ ಚಿನ್ನದ ರೇಕು ಎರಡೂ ಎದ್ದು ಕಾಣುತ್ತವೆ. ಊಟದ ಕೋಣೆಯಲ್ಲಿ ಬೇಸಿಗೆ ಬೆಳಿಗ್ಗೆ ಹೊರಗಿನ ಹುಲ್ಲುಹಾಸಿನ ಹಸಿರು ಗೋಡೆಗೆ ಹೊಡೆಯುವುದುಂಟು, ಅಷ್ಟೇ.

ತುಸುವೇ ಹೊಳಪಿರುವ ಎಗ್‌ಶೆಲ್ ಫಿನಿಶ್ ಹೊಡೆಸಿದ್ದರಿಂದ ದೀಪದ ಮಸಿಯನ್ನು ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕಾಗುತ್ತಿದೆ. ಹಳೆಯ ಗೋಡೆಗೆ ಅಲ್ಲಲ್ಲಿ ತೇಪೆ ಬಳಿಯಲು ಹೋಗಬೇಡಿ, ಕಲೆ ಎದ್ದು ಕಾಣುತ್ತದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಇಡೀ ಗೋಡೆ ಹೊಡೆಯಿರಿ.

ಕಾರ್ಡು ನೋಡಿ ಆರಿಸಲೇಬೇಡಿ. ಎರಡಡಿ ಬಿಳಿ ಹಲಗೆಗೆ, ಸುತ್ತ ಅಂಚು ಬಿಟ್ಟು, ಎರಡು ಕೋಟ್ ಬಳಿದು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಕೋಣೆ ಕೋಣೆಗೂ ಒಯ್ದು ನೋಡಿ. ಆ ಬಿಳಿ ಅಂಚು ಇಲ್ಲದಿದ್ದರೆ ಹಳೆಯ ಗೋಡೆಯ ಬಣ್ಣ ಕಣ್ಣನ್ನು ಮೋಸಮಾಡುತ್ತದೆ. ನಮ್ಮದು ಹಳದಿಯಿತ್ತು, ಅದರ ಪಕ್ಕ ಯಾವ ಗ್ರೇ ಇಟ್ಟರೂ ನೀಲಿಯಾಗಿ ಕಾಣುತ್ತಿತ್ತು.

ಕಳೆದ ತಿಂಗಳು ಲಿವಿಂಗ್ ರೂಮಿಗೂ ಬೇಜ್ ಹೊಡೆಸಿದೆವು. ಗ್ರೇ ಈಗ ಮಗಳ ಕೋಣೆಗೆ ಹೋಗಿದೆ. ಅಲ್ಲಿ ದಕ್ಷಿಣದ ಬಿಸಿಲು ದಿನವಿಡೀ ಬೀಳುತ್ತದೆ, ಐದು ವರ್ಷದಲ್ಲಿ ಮೊದಲ ಸಲ ಆ ಗ್ರೇ ನನಗೆ ಬೆಚ್ಚಗೆ ಕಾಣುತ್ತಿದೆ.