ಮಕ್ಕಳ ಅಂಟು ಯೂರಿನ್ ಬ್ಯಾಗ್: ಅರ್ಧ ಕೆಲಸಕ್ಕೆ ಮಾತ್ರ
ಗರ್ಭದಲ್ಲೇ ಕಿಡ್ನಿ ಊತ ಕಂಡಿದ್ದ ಮಗುವಿಗೆ ಜ್ವರ ಬಂದರೆ ಮೂತ್ರ ಪರೀಕ್ಷೆ ತಡವಾಗಬಾರದು. ಸೋಂಕು ಕಿಡ್ನಿಗೆ ಏರಿದರೆ ಶಾಶ್ವತ ಕಲೆ ಉಳಿಯಬಹುದು. ಮೂತ್ರ ಹಿಡಿಯಲು ಚರ್ಮಕ್ಕೆ ಅಂಟಿಸುವ ಮೆಡಿಕಲ್ ಶಾಪಿನ ಬ್ಯಾಗ್ ಮೊದಲ ಡಿಪ್‌ಸ್ಟಿಕ್ ಪರೀಕ್ಷೆಗೆ (ಬಣ್ಣ ಬದಲಿಸುವ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ನೋಡುವುದು) ಪರವಾಗಿಲ್ಲ. ಚರ್ಮ ತೊಳೆದು ಪೂರ್ತಿ ಒಣಗಿಸಿ; ಪೌಡರ್, ಎಣ್ಣೆ ಬೇಡ. ಹೆಣ್ಣುಮಗುವಿಗೆ ಮಲದ್ವಾರದ ಕಡೆಯಿಂದ ಶುರುಮಾಡಿ ಮೇಲಕ್ಕೆ ಒತ್ತುತ್ತಾ ಅಂಟಿಸಿ. ಅಲ್ಲಿ ಒಂದು ಸುಕ್ಕು ಉಳಿದರೂ ಸಾಕು, ಮೂತ್ರವೆಲ್ಲ ಡೈಪರ್ ಪಾಲು. ಅರ್ಧ ಗಂಟೆಯಲ್ಲಿ ಬಾರದಿದ್ದರೆ ಮತ್ತೆ ತೊಳೆದು ಹೊಸ ಬ್ಯಾಗ್ ಹಾಕಿ.

ಕಲ್ಚರ್‌ಗೆ (ಮೂತ್ರದ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆ) ಮಾತ್ರ ಬ್ಯಾಗ್‌ನ ಮೂತ್ರ ಖಂಡಿತ ಬೇಡ. ಚರ್ಮದ ರೋಗಾಣು ಬೆರೆತು ಸುಳ್ಳು ಪಾಸಿಟಿವ್ ಬರುವುದು ತೀರಾ ಸಾಮಾನ್ಯ. ಕ್ಯಾತಿಟರ್‌ನಿಂದ (ಮೂತ್ರನಾಳಕ್ಕೆ ಹಾಕುವ ತೆಳು ಕೊಳವೆ) ತೆಗೆದ ಮಾದರಿಯನ್ನೇ ಕೇಳಿ, ಅದೂ ಆಂಟಿಬಯಾಟಿಕ್‌ನ ಮೊದಲ ಡೋಸ್‌ಗೆ ಮುಂಚೆ. ಮೂರು ತಿಂಗಳೊಳಗಿನ ಕೂಸಾದರೆ ಬ್ಯಾಗ್ ಹಿಡಿದು ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.