‘ಸಾಗಾ’: ಮುಗಿಯುವ ತನಕ ಕಾಯದೆ ಈಗಲೇ ಓದಬೇಕಾದ ಕಾಮಿಕ್ಸ್

ಈಗಲೂ ನಡೆಯುತ್ತಿರುವ ಕಾಮಿಕ್ಸ್ ಸರಣಿಗಳಲ್ಲಿ ನಾನು ಕೈಬಿಡದೆ ಓದಿಕೊಂಡು ಬಂದಿರುವುದು ‘ಸಾಗಾ’ ಒಂದನ್ನೇ. ಬ್ರಯಾನ್ ಕೆ. ವಾನ್ ಕಥೆ ಬರೆಯುತ್ತಾರೆ, ಕೆನಡಾದ ಫಿಯೋನಾ ಸ್ಟೇಪಲ್ಸ್ ಚಿತ್ರ ಬಿಡಿಸುತ್ತಾರೆ. ಅಮೆರಿಕದ ಇಮೇಜ್ ಕಾಮಿಕ್ಸ್ 2012ರ ಮಾರ್ಚ್‌ನಲ್ಲಿ ಮೊದಲ ಸಂಚಿಕೆ ತಂದಿತು. ಒಟ್ಟು 108 ಸಂಚಿಕೆಗೆ ಕಥೆ ಮುಗಿಸುವ ಲೆಕ್ಕ ಅವರದು. ಹನ್ನೆರಡನೇ ಸಂಪುಟದ ಹೊತ್ತಿಗೆ 72 ಆಗಿವೆ, ಅಂದರೆ ಮೂರರಲ್ಲಿ ಎರಡು ಪಾಲು. ಯಾರಿಗೆ ಓದಲು ಹೇಳಿದರೂ ಬರುವ ಉತ್ತರ ಒಂದೇ: ‘ಪೂರ್ತಿ ಮುಗಿಯಲಿ, ಆಮೇಲೆ ಒಟ್ಟಿಗೆ ಓದ್ತೀನಿ.’ ಹಾಗೆ ಕಾಯಬೇಡಿ ಎನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಥೆಯ ಬೀಜ ಹೇಳಿದರೆ ರುಚಿ ಕೆಡುವುದಿಲ್ಲ, ಅದೆಲ್ಲ ಮೊದಲ ಸಂಚಿಕೆಯಲ್ಲೇ ಇದೆ. ಲ್ಯಾಂಡ್‌ಫಾಲ್ ಒಂದು ಗ್ರಹ, ರೀತ್ ಅದರ ಚಂದ್ರ. ಗ್ರಹದವರಿಗೆ ರೆಕ್ಕೆ, ಚಂದ್ರನವರಿಗೆ ಕೊಂಬು. ಅವರದು ಯಂತ್ರ, ಇವರದು ಮಂತ್ರ. ಯಾವ ಕಾಲದಿಂದಲೋ ಎರಡಕ್ಕೂ ಯುದ್ಧ. ಆದರೆ ಒಂದನ್ನು ನಾಶ ಮಾಡಿದರೆ ಇನ್ನೊಂದು ತನ್ನ ಕಕ್ಷೆ ತಪ್ಪಿ ಹೋಗುತ್ತದೆ, ಹಾಗಾಗಿ ತಮ್ಮ ನೆಲದಲ್ಲಿ ಹೊಡೆದಾಡುವಂತಿಲ್ಲ. ಅದಕ್ಕೆ ಅವರು ಕಂಡುಕೊಂಡ ದಾರಿ ಹೊರಗುತ್ತಿಗೆ. ಯುದ್ಧವನ್ನೇ ಬೇರೆ ಗ್ರಹಗಳಿಗೆ ಸಾಗಿಸಿಬಿಟ್ಟರು. ಈ ಜಗಳಕ್ಕೆ ಸಂಬಂಧವೇ ಇಲ್ಲದ ಲೋಕಗಳು ಯಾವುದೋ ಒಂದು ಪಕ್ಷ ಹಿಡಿದು ಸಾಯಬೇಕು. ಯುದ್ಧ ಶುರು ಮಾಡಿದ ಎರಡೂ ಊರುಗಳಲ್ಲಿ ಮಾತ್ರ ಜನ ನೆಮ್ಮದಿಯಾಗಿ ಟೀವಿ ನೋಡಿಕೊಂಡಿರುತ್ತಾರೆ. ವೈಜ್ಞಾನಿಕ ಕಥೆಗಳಲ್ಲಿ ನಾನು ಕಂಡ ಅತಿ ಗಟ್ಟಿ ಕಲ್ಪನೆಗಳಲ್ಲಿ ಇದೊಂದು. ಇದನ್ನು ವಿವರಿಸಲು ವಾನ್ ಬಳಸುವುದು ಬೆರಳೆಣಿಕೆಯ ಸಾಲುಗಳನ್ನು. ಭಾಷಣವಿಲ್ಲ, ನಕ್ಷೆಯಿಲ್ಲ, ಇತಿಹಾಸದ ಪಾಠವಿಲ್ಲ.

ಕ್ಲೀವ್ ಎಂಬ ಅಂಥದ್ದೇ ಬಡಪಾಯಿ ಗ್ರಹದಲ್ಲಿ ಕೊಂಬಿನ ಮಾರ್ಕೊ ಯುದ್ಧಕೈದಿ, ರೆಕ್ಕೆಯ ಅಲಾನಾ ಅವನ ಕಾವಲಿಗಿದ್ದವಳು. ಇಬ್ಬರೂ ಪ್ರೀತಿಸಿ ಓಡಿಹೋಗುತ್ತಾರೆ. ಕಥೆ ಶುರುವಾಗುವುದು ಅವರ ಮಗಳು ಹೇಜಲ್ ಹುಟ್ಟುವಾಗ. ಶತ್ರುಗಳಿಬ್ಬರ ರಕ್ತ ಬೆರೆತ ಮಗು ಇರುವುದೇ ಎರಡೂ ಸರ್ಕಾರಗಳಿಗೆ ಅಪಾಯ, ಆದ್ದರಿಂದ ಇಡೀ ಬ್ರಹ್ಮಾಂಡ ಈ ಮೂವರ ಬೆನ್ನು ಹತ್ತುತ್ತದೆ.

ಆ ಮೊದಲ ಪುಟದ ಬಗ್ಗೆ ಸ್ವಲ್ಪ ಹೇಳಲೇಬೇಕು. ಬೆವರಿಳಿಯುತ್ತಿರುವ, ಹಲ್ಲು ಕಚ್ಚಿಕೊಂಡಿರುವ ಅಲಾನಾಳ ಮುಖ. ಹೆರಿಗೆ ನೋವಿನಲ್ಲಿ ಅವಳ ಬಾಯಿಂದ ಬರುವ ಮೊದಲ ಮಾತು ಇಲ್ಲಿ ಬರೆಯುವಂಥದ್ದಲ್ಲ, ಆದರೆ ಹೆರಿಗೆ ಕೋಣೆ ಕಂಡ ಯಾರಿಗೂ ಅದು ಸುಳ್ಳು ಎನಿಸುವುದಿಲ್ಲ. ಅದೇ ಪುಟದಲ್ಲಿ, ಚೌಕಟ್ಟಾಗಲೀ ಮಾತಿನ ಗುಳ್ಳೆಯಾಗಲೀ ಇಲ್ಲದೆ, ಚಿತ್ರದ ಮೇಲೆಯೇ ಕೈಬರಹದಲ್ಲಿ ಕೆಲವು ಸಾಲುಗಳು ತೇಲುತ್ತಿರುತ್ತವೆ. ಅದು ದೊಡ್ಡವಳಾದ ಹೇಜಲ್ ಮುಂದೆಂದೋ ಕೂತು ತನ್ನ ಹುಟ್ಟಿನ ಕಥೆ ಹೇಳುತ್ತಿರುವ ದನಿ. ಆ ಅಕ್ಷರಗಳನ್ನು ಸ್ಟೇಪಲ್ಸ್ ಸ್ವತಃ ಬರೆಯುತ್ತಾರೆ. ಉಳಿದ ಸಂಭಾಷಣೆಯ ಅಕ್ಷರ ವಿನ್ಯಾಸ ಫೋನೊಗ್ರಾಫಿಕ್ಸ್ ಎಂಬ ಹೆಸರಿನ ವಿನ್ಯಾಸಕರದು. ಹೀಗಾಗಿ ಹೇಜಲ್‌ಳ ಮಾತು ಚಿತ್ರದ ಒಳಗಿನಿಂದಲೇ ಬಂದಂತಿರುತ್ತದೆ. ಓದುತ್ತಾ ಹೋದಂತೆ ಆ ಬರಹ ಕಣ್ಣಿಗೆ ಎಷ್ಟು ಒಗ್ಗುತ್ತದೆಂದರೆ, ಯಾವುದಾದರೂ ಪುಟದಲ್ಲಿ ಅದು ಕಾಣದಿದ್ದರೆ ಏನೋ ಕೆಟ್ಟದ್ದು ಕಾದಿದೆ ಎಂದು ಎದೆ ಹೊಡೆದುಕೊಳ್ಳುತ್ತದೆ. ಜೊತೆಗೆ ಒಂದು ಧೈರ್ಯವೂ ಇದೆ. ಕಥೆ ಹೇಳುತ್ತಿರುವವಳೇ ಹೇಜಲ್ ಆದ್ದರಿಂದ ಅವಳು ಬದುಕಿ ಉಳಿಯುತ್ತಾಳೆ. ಬೇರೆ ಯಾರಿಗೂ ಆ ಭರವಸೆ ಇಲ್ಲ.

ಇಲ್ಲಿ ಸತ್ತವರು ಸತ್ತರು, ಅಷ್ಟೇ. ಸೂಪರ್‌ಹೀರೋ ಕಾಮಿಕ್ಸ್ ಓದಿ ಬೆಳೆದವರಿಗೆ ಇದು ಮೊದಮೊದಲು ಆಘಾತ. ಅಲ್ಲಿ ಸಾವು ಎಂದರೆ ಒಂದೆರಡು ವರ್ಷದ ರಜೆ. ಸಾಗಾದಲ್ಲಿ ನಿಮಗೆ ಇಷ್ಟವಾದವರು ಯಾವ ಮುನ್ಸೂಚನೆಯೂ ಇಲ್ಲದೆ, ಕೆಲವೊಮ್ಮೆ ಪುಟದ ಒಂದು ಮೂಲೆಯಲ್ಲಿ ಹೋಗಿಬಿಡುತ್ತಾರೆ. ಹೋದವರ ಜಾಗ ಖಾಲಿಯೇ ಉಳಿಯುತ್ತದೆ. ಸಂಚಿಕೆಗಳು ಕಳೆದ ಮೇಲೂ ಉಳಿದವರು ಅವರ ಮಾತು ತೆಗೆಯುತ್ತಾರೆ, ಅವರಿಲ್ಲದ ಮನೆಯಲ್ಲಿ ಅಡುಗೆ ಮಾಡಿಕೊಂಡು ಉಣ್ಣುತ್ತಾರೆ. ಈ ನಿಷ್ಠೆ ನನ್ನನ್ನು ಹಿಡಿದಿಟ್ಟಿದೆ.

ಬೆನ್ನಟ್ಟಿ ಬರುವವರನ್ನು ಕಟ್ಟಿರುವ ರೀತಿಯಂತೂ ಹೇಳಿ ತೀರದು. ದಿ ವಿಲ್ ಎಂಬ ಬಾಡಿಗೆ ಬೇಟೆಗಾರನ ಜೊತೆ ಲೈಯಿಂಗ್ ಕ್ಯಾಟ್ ಎಂಬ ದೈತ್ಯ ಬೆಕ್ಕು ಇರುತ್ತದೆ. ನೀಲಿ ಹಸಿರು ಮೈ, ಹಳದಿ ಕಣ್ಣು. ಎದುರಿಗಿರುವವರು ಸುಳ್ಳು ಹೇಳಿದರೆ ‘ಸುಳ್ಳು’ ಎಂದು ಒಂದೇ ಪದ ಉದುರಿಸುವುದು ಅದರ ಕೆಲಸ. ಮೊದಲು ಇದು ನಗಿಸಲು ಇಟ್ಟ ಪಾತ್ರ ಅನಿಸುತ್ತದೆ, ನಗಿಸುತ್ತದೆ ಕೂಡ. ಆಮೇಲೆ ಮೂರನೇ ಸಂಪುಟ ಬರುತ್ತದೆ. ವೇಶ್ಯಾಗ್ರಹವೊಂದರಿಂದ ಬಿಡಿಸಿ ತಂದ ಸೋಫಿ ಎಂಬ ಎಳೆ ಹುಡುಗಿ ಬೆಕ್ಕಿಗೆ ಒರಗಿ ಕೂತಿದ್ದಾಳೆ. ತನ್ನ ಮೇಲೆ ಆದದ್ದಕ್ಕೆಲ್ಲ ತಾನೇ ಕಾರಣ, ತಾನು ಒಳಗೆಲ್ಲ ಕೊಳಕಾಗಿಬಿಟ್ಟಿದ್ದೇನೆ ಎಂಬಂತೆ ಮಾತಾಡುತ್ತಾಳೆ. ಬೆಕ್ಕು ಹೇಳುತ್ತದೆ: ‘ಸುಳ್ಳು.’ ಅಷ್ಟೇ ಸಂಭಾಷಣೆ. ಮುಂದಿನ ಚೌಕದಲ್ಲಿ ಹುಡುಗಿ ಅದರ ಕುತ್ತಿಗೆ ತಬ್ಬಿಕೊಂಡಿರುತ್ತಾಳೆ. ಎಷ್ಟು ಸಲ ಓದಿದ್ದರೂ ಆ ಪುಟ ಬಂದಾಗ ನನ್ನ ಗಂಟಲು ಕಟ್ಟುತ್ತದೆ. ಸಂಚಿಕೆಗಟ್ಟಲೆ ತಮಾಷೆಗೆ ಬಳಸಿದ ಒಂದು ಪದವನ್ನು ಹೀಗೆ ಒಂದು ಮಗುವಿನ ಕೈಗೆ ಆಸರೆಯಾಗಿ ಕೊಡಲು ದೊಡ್ಡ ಕಥೆಗಾರನೇ ಬೇಕು.

ಪ್ರಿನ್ಸ್ ರೋಬೋಟ್ ಇನ್ನೊಬ್ಬ. ಮನುಷ್ಯನ ಮೈ, ತಲೆಯ ಜಾಗದಲ್ಲಿ ಹಳೆಯ ಕಾಲದ ಟೀವಿ ಪೆಟ್ಟಿಗೆ. ರಾಜಮನೆತನದವನು, ಗತ್ತಿನವನು. ಆದರೆ ಯುದ್ಧದಲ್ಲಿ ಕಂಡದ್ದು ಅವನನ್ನು ಬಿಟ್ಟಿಲ್ಲ. ಅವನು ಅಡಗಿಸಿಡಲು ನೋಡುವುದೆಲ್ಲ ಆ ಪರದೆಯ ಮೇಲೆ ತಾನಾಗಿ ಮೂಡಿಬಿಡುತ್ತದೆ. ಕಣ್ಣು ಮೂಗು ಬಾಯಿ ಒಂದೂ ಇಲ್ಲದ ಮುಖದಲ್ಲಿ ಸ್ಟೇಪಲ್ಸ್ ಇಷ್ಟು ದುಃಖ ತರುತ್ತಾರೆ! ಅವರ ಚಿತ್ರಗಳಲ್ಲಿ ಹಿನ್ನೆಲೆ ಮೃದುವಾದ ಬಣ್ಣದಲ್ಲಿ ಹರಡಿರುತ್ತದೆ, ಪಾತ್ರಗಳು ಮಾತ್ರ ಸ್ಪಷ್ಟ ಗೆರೆಯಲ್ಲಿ ಎದ್ದು ನಿಲ್ಲುತ್ತವೆ. ಎಲ್ಲವೂ ಕಂಪ್ಯೂಟರಿನಲ್ಲೇ ಬಿಡಿಸಿದ್ದು, ಆದರೂ ಕೈಯ ಬಿಸಿ ಹೋಗಿಲ್ಲ. ಜೀವಂತ ಮರದ ರಾಕೆಟ್, ಸೊಂಟದಿಂದ ಕೆಳಗೆ ಮೈಯೇ ಇಲ್ಲದ ದೆವ್ವದ ಹುಡುಗಿ ಇಜಾಬೆಲ್, ಸೀಲ್ ಎಂಬ ಕಡಲಪ್ರಾಣಿಯ ಮರಿಯಂತಿರುವ ಪುಟ್ಟ ಕಾವಲುಗಾರ ಗೂಸ್, ಇವರಲ್ಲಿ ಯಾರನ್ನು ಕಂಡರೂ ಇಂಥವರು ಎಲ್ಲೋ ಇದ್ದೇ ಇದ್ದಾರೆ ಅನಿಸುತ್ತದೆ.

ಇಷ್ಟು ವರ್ಷ ಓದಿದ ಮೇಲೆ ನನಗೆ ಮುಖ್ಯ ಅನಿಸುವುದು ಬೇರೆಯೇ. ಇದು ಓಡಿಹೋದ ಪ್ರೇಮಿಗಳ ಕಥೆಯಲ್ಲ, ಓಡಿಹೋದ ಮೇಲಿನ ಸಂಸಾರದ ಕಥೆ. ನಾಲ್ಕನೇ ಸಂಪುಟ ನೋಡಿ. ಅಲಾನಾ ಮುಖವಾಡ ಹಾಕಿಕೊಂಡು ಒಂದು ಧಾರಾವಾಹಿಯಂಥ ಕಾರ್ಯಕ್ರಮದಲ್ಲಿ ನಟಿಸಿ ಮನೆ ನಡೆಸುತ್ತಾಳೆ, ಮಾರ್ಕೊ ಮನೆಯಲ್ಲಿ ಮಗು ನೋಡಿಕೊಳ್ಳುತ್ತಾನೆ. ಅವಳಿಗೆ ಕೆಲಸದ ಸುಸ್ತು, ಅದನ್ನು ಮರೆಯಲು ಮಾದಕದ ಚಟ. ಅವನಿಗೆ ನಾಲ್ಕು ಗೋಡೆಯ ಏಕಾಂತ. ಇನ್ನೆಂದೂ ಯಾರ ಮೇಲೂ ಕೈ ಎತ್ತುವುದಿಲ್ಲ ಎಂದು ಶಪಥ ಮಾಡಿ ಕತ್ತಿ ಕೆಳಗಿಟ್ಟವನು ಮಾರ್ಕೊ. ಅಂಥವನು ಜಗಳದ ಭರದಲ್ಲಿ ಸಾಮಾನಿನ ಚೀಲ ಎತ್ತಿ ಹೆಂಡತಿಯ ಮೇಲೆ ಎಸೆಯುತ್ತಾನೆ. ಆ ಒಂದು ಚೀಲಕ್ಕೆ ಇಡೀ ಯುದ್ಧದ ತೂಕ ಬಂದುಬಿಡುತ್ತದೆ. ಅದರ ಪರಿಣಾಮ ಮುಂದಿನ ಅನೇಕ ಸಂಚಿಕೆಗಳವರೆಗೆ ಅವರನ್ನು ಬಿಡುವುದಿಲ್ಲ. ಅತ್ತೆ ಮಾವ ಮನೆಗೆ ಬಂದು ಸೇರುವುದು, ಸೊಸೆಯನ್ನು ಒಪ್ಪಲು ಅತ್ತೆ ಕ್ಲಾರಾ ಹೆಣಗುವುದು, ಮಗು ಮೊದಲ ಹೆಜ್ಜೆ ಇಡುವುದು, ಎಲ್ಲಕ್ಕೂ ಲೇಸರ್ ಗುಂಡಿನಷ್ಟೇ ಜಾಗ ಇದೆ. ಹೇಜಲ್ ಕೈಗೂಸಿನಿಂದ ಹತ್ತು ವರ್ಷದವಳಾಗುವುದನ್ನು ನಾವು ಕೂತು ನೋಡಿದ್ದೇವೆ. ಒಟ್ಟಿಗೆ ಓದಿದವರಿಗೆ ಇದು ಒಂದು ವಾರದಲ್ಲಿ ನಡೆದುಹೋಗುತ್ತದೆ. ಜೊತೆಜೊತೆಗೆ ಓದಿದವರಿಗೆ ಅವಳು ನಿಜಕ್ಕೂ ವರ್ಷ ತೆಗೆದುಕೊಂಡು ಬೆಳೆದಿದ್ದಾಳೆ.

ಕಾಯಬೇಡಿ ಎಂದದ್ದಕ್ಕೆ ಮೊದಲ ಕಾರಣ ಇದು. ಎರಡನೆಯದು ಕಟ್ಟುವ ಕ್ರಮ. ಸಾಗಾದ ಸಂಚಿಕೆಗಳು ಹೆಚ್ಚಾಗಿ ಇಡೀ ಪುಟ ತುಂಬುವ ಒಂದು ಚಿತ್ರದಿಂದ ಶುರುವಾಗಿ ಅಂಥದ್ದೇ ಚಿತ್ರದಲ್ಲಿ ನಿಲ್ಲುತ್ತವೆ. ಕೊನೆಯ ಹಾಳೆ ಮಗುಚಿದಾಗ ಏನೋ ಒಂದು ಕಣ್ಣಿಗೆ ರಾಚುತ್ತದೆ, ಅಲ್ಲಿಗೆ ಮುಗಿಯಿತು, ಇನ್ನು ತಿಂಗಳು ಕಾಯಬೇಕು. ವಾರಪತ್ರಿಕೆಯಲ್ಲಿ ಧಾರಾವಾಹಿ ಓದಿ, ‘ಮುಂದುವರಿಯುವುದು’ ನೋಡಿ ಪತ್ರಿಕೆ ಮಡಚಿಟ್ಟು, ಮುಂದಿನ ಕಂತಿನ ತನಕ ಮನೆಮಂದಿಯೆಲ್ಲ ಅದನ್ನೇ ಚರ್ಚಿಸುತ್ತಿದ್ದವರಿಗೆ ಈ ಸುಖ ಗೊತ್ತು. ಕಾಯುವ ಆ ಸಮಯದಲ್ಲಿ ಕಥೆ ನಮ್ಮೊಳಗೆ ಬೆಳೆಯುತ್ತದೆ.

ಕಾಯುವಿಕೆ ಅತಿಯಾದದ್ದೂ ಉಂಟು. 2018ರ ಜುಲೈಯಲ್ಲಿ 54ನೇ ಸಂಚಿಕೆ ಬಂತು, ಸರಿಯಾಗಿ ಅರ್ಧ ದಾರಿ. ಅದರಲ್ಲಿ ಏನಾಯಿತು ಎಂದು ನಾನು ಹೇಳುವುದಿಲ್ಲ, ನೀವೂ ಯಾರನ್ನೂ ಕೇಳಬೇಡಿ, ಹುಡುಕಲೂ ಬೇಡಿ. ಅಂಥದ್ದೊಂದು ಪುಟ ಕೈಯಲ್ಲಿ ಕೊಟ್ಟು ಇಬ್ಬರೂ ಕನಿಷ್ಠ ಒಂದು ವರ್ಷದ ವಿರಾಮ ಎಂದರು. ಅದು ಮೂರೂವರೆ ವರ್ಷವಾಯಿತು. ಮಧ್ಯೆ ಕೊರೊನಾ ಬಂದುಹೋಯಿತು. 2022ರ ಜನವರಿಯಲ್ಲಿ 55ನೇ ಸಂಚಿಕೆ ತೆರೆದಾಗ ಕಥೆಯೊಳಗೂ ಸುಮಾರು ಮೂರು ವರ್ಷ ಸರಿದುಹೋಗಿತ್ತು! ಹೇಜಲ್ ದೊಡ್ಡವಳಾಗಿದ್ದಳು. ಅಲಾನಾ ಹೊಟ್ಟೆಪಾಡಿಗೆ ಮಕ್ಕಳ ಹಾಲಿನ ಪುಡಿ ಕಳ್ಳಸಾಗಣೆ ಮಾಡುತ್ತಿದ್ದಳು. ಆ ದುಃಖಕ್ಕೆ ಅವರು ತೆಗೆದುಕೊಂಡಷ್ಟೇ ಕಾಲ ನಮಗೂ ಸಿಕ್ಕಿತ್ತು. ಮುಂದೆ ಓದುವವರಿಗೆ 54 ಮುಚ್ಚಿ 55 ತೆರೆಯಲು ಒಂದು ನಿಮಿಷವೂ ಬೇಡ. ಅವರಿಗೆ ನನ್ನ ಸಲಹೆ, ಅಲ್ಲಿ ಕೆಲವು ವಾರ ನಿಲ್ಲಿ.

ಆ ಮರಳಿ ಬಂದ ಸಂಚಿಕೆಯೂ ಮೊದಲ ಸಂಚಿಕೆಯಂತೆ 44 ಪುಟ, ಬೆಲೆ ಅದೇ 2.99 ಡಾಲರ್. ಹತ್ತು ವರ್ಷದಲ್ಲಿ ಬೆಲೆ ಏರಿಸದ ಆ ಮರ್ಯಾದೆ ಓದುಗರಿಗೆ ನೆನಪಿರುತ್ತದೆ.

ಕೊರತೆ ಇಲ್ಲವೆಂದಲ್ಲ. ಫ್ಯಾಂಗ್ ಎಂಬ ಧೂಮಕೇತುವಿನ ಮೇಲೆ ನಡೆಯುವ ಏಳನೇ ಸಂಪುಟ ಅದ್ಭುತ, ಆದರೆ ಅದರ ಆಚೀಚೆ ಕಥೆ ಒಂದೇ ಕಡೆ ಸುತ್ತುತ್ತದೆ. ದಿ ವಿಲ್ ತನ್ನ ಸಂಕಟದಲ್ಲೇ ಮುಳುಗಿರುವ ಭಾಗಗಳು ಎಳೆದಂತಾಗಿವೆ. ಪತ್ರಕರ್ತ ಜೋಡಿ ಅಪ್ಶರ್ ಮತ್ತು ಡಾಫ್ ಸಂಚಿಕೆಗಟ್ಟಲೆ ಕಾಣೆಯಾಗಿ ಮತ್ತೆ ಬಂದಾಗ ಎಲ್ಲಿ ಬಿಟ್ಟಿದ್ದೆವೆಂದು ಹಿಂದೆ ಹೋಗಿ ನೋಡಬೇಕಾಗುತ್ತದೆ. ವಿರಾಮದ ನಂತರದ ಸಂಚಿಕೆಗಳ ನಡಿಗೆ ನಿಧಾನ, ಹಳಬರಿಲ್ಲದ ಕೊರತೆಯನ್ನು ಹೊಸಬರು ಇನ್ನೂ ಪೂರ್ತಿ ತುಂಬಿಲ್ಲ. ಆಗಾಗ ಬೀಳುವ ಸಣ್ಣ ವಿರಾಮಗಳೂ ನಿಂತಿಲ್ಲ. ಆದರೆ ಇಷ್ಟೂ ಸಂಚಿಕೆಗಳಿಗೆ ಚಿತ್ರಕಾರರನ್ನು ಬದಲಿಸದೆ, ಒಂದೇ ಕೈಯಿಂದ ಬಿಡಿಸುತ್ತಾ ಬಂದಿರುವ ಸರಣಿಗೆ ಆ ವಿಶ್ರಾಂತಿ ಬೇಕೇ ಬೇಕು. ಸ್ಟೇಪಲ್ಸ್ ಬದಲು ಬೇರೆಯವರು ಬಿಡಿಸಿದ ಸಾಗಾ ನನಗೆ ಬೇಡ.

ಯಾವ ರೂಪದಲ್ಲಿ ಕೊಳ್ಳಬೇಕು? ಆರು ಸಂಚಿಕೆಗೆ ಒಂದರಂತೆ ಬರುವ ಪೇಪರ್‌ಬ್ಯಾಕ್ ಸಂಪುಟಗಳೇ ನಮ್ಮಲ್ಲಿ ಸುಲಭವಾಗಿ ಸಿಗುವುದು. ಹಾಳೆ ನುಣುಪು, ಬಣ್ಣ ಚೆನ್ನಾಗಿ ಕೂತಿದೆ. ನನ್ನ ಹಳೆಯ ಸಂಪುಟಗಳು ಕೈಯಿಂದ ಕೈಗೆ ಓಡಾಡಿಯೂ ಹಾಳೆ ಬಿಟ್ಟುಕೊಂಡಿಲ್ಲ. ಮೊದಲ 54 ಸಂಚಿಕೆ ಸೇರಿಸಿದ ಕಾಂಪೆಂಡಿಯಂ 1,300 ಪುಟ ದಾಟುತ್ತದೆ. ಲೆಕ್ಕ ಹಾಕಿದರೆ ಅದೇ ಅಗ್ಗ, ಆದರೆ ಮಲಗಿಕೊಂಡು ಓದುವ ಆಸೆ ಬಿಡಿ. ಮೇಜಿನ ಮೇಲಿಟ್ಟೇ ಓದಬೇಕು, ಪುಸ್ತಕದ ಬೆನ್ನಿನ ಹತ್ತಿರ ಚಿತ್ರ ಮಡಿಕೆಗೆ ಸಿಕ್ಕುತ್ತದೆ. ಟ್ಯಾಬ್ಲೆಟ್‌ನಲ್ಲಿ ಬಣ್ಣ ಹೊಳೆಯುತ್ತದೆ. ಒಂದೊಂದೇ ಚೌಕ ತೋರಿಸುವ ವ್ಯವಸ್ಥೆಯನ್ನು ಮಾತ್ರ ಬಂದ್ ಮಾಡಿಬಿಡಿ, ಪುಟ ಪೂರ್ತಿ ಕಾಣಲಿ. ಬಿಡಿ ಸಂಚಿಕೆ ತರಿಸಿಕೊಳ್ಳುವುದು ಇಲ್ಲಿಂದ ದುಬಾರಿ, ಆದರೆ ಕೊನೆಯಲ್ಲಿ ಬರುವ ಓದುಗರ ಪತ್ರಗಳ ಪುಟಗಳು ಇರುವುದು ಅದರಲ್ಲೇ. ವಾನ್ ಇಮೇಲ್ ತೆಗೆದುಕೊಳ್ಳುವುದಿಲ್ಲ, ಅಂಚೆಯಲ್ಲಿ ಬಂದ ಪತ್ರಗಳಿಗೆ ಮಾತ್ರ ಉತ್ತರ. ಸಂಪುಟ ಮಾತ್ರ ಓದುವವರಿಗೆ ಆ ಹರಟೆ ತಪ್ಪಿಹೋಗುತ್ತದೆ.

ಒಂದು ಎಚ್ಚರಿಕೆ. ಬೆಕ್ಕು, ರಾಕೆಟ್ ಎಂದೆಲ್ಲ ನೋಡಿ ಮಕ್ಕಳ ಕೈಗೆ ಕೊಡಬೇಡಿ. ನಗ್ನತೆ, ಕಾಮ, ರಕ್ತ, ಬೈಗುಳ ಎಲ್ಲವೂ ಮುಚ್ಚುಮರೆಯಿಲ್ಲದೆ ಇವೆ. ಇದು ದೊಡ್ಡವರ ಪುಸ್ತಕ. ದೊಡ್ಡವರಲ್ಲೂ ‘ಕಾಮಿಕ್ಸ್ ನಮಗಲ್ಲ’ ಎನ್ನುವವರಿಗೆ, ಅದರಲ್ಲೂ ಈಗಷ್ಟೇ ತಂದೆ ತಾಯಿ ಆದವರಿಗೆ ನಾನು ಮೊದಲ ಸಂಪುಟ ಕೊಡುತ್ತೇನೆ. 2013ರಲ್ಲಿ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಗೆದ್ದದ್ದು ಅದೇ ಸಂಪುಟ. ಅದೇ ವರ್ಷ ಸರಣಿಗೆ ಕಾಮಿಕ್ಸ್ ಲೋಕದ ಐಸ್ನರ್ ಪ್ರಶಸ್ತಿಗಳೂ ಬಂದವು. ಆರು ಸಂಚಿಕೆ ಓದಿಯೂ ಮುಂದೇನಾಯಿತು ಎಂಬ ಚಡಪಡಿಕೆ ಹುಟ್ಟದಿದ್ದರೆ ಅಲ್ಲಿಗೇ ಬಿಡಬಹುದು. ಹುಟ್ಟಿದರೆ ಎರಡನೆಯದನ್ನೂ ಮೂರನೆಯದನ್ನೂ ಒಟ್ಟಿಗೇ ತರಿಸಿಟ್ಟುಕೊಳ್ಳಿ, ಎರಡನೇ ಸಂಪುಟ ನಿಲ್ಲುವ ಜಾಗ ಅಂಥದ್ದು.