ನರ್ವಸ್, ವರೀಡ್, ಆಂಕ್ಷಿಯಸ್, ಅನ್‌ಈಸಿ: ಒಂದೇ ವಾಕ್ಯದಲ್ಲಿಟ್ಟು ನೋಡಿದಾಗ

ನಿಘಂಟುಗಳು ಈ ನಾಲ್ಕು ಇಂಗ್ಲಿಷ್ ಪದಗಳಲ್ಲಿ ಒಂದರ ಅರ್ಥಕ್ಕೆ ಇನ್ನೊಂದನ್ನು ಕೊಟ್ಟು ಕೈತೊಳೆದುಕೊಳ್ಳುವುದರಿಂದ, ಅವನ್ನು ಒಂದೇ ವಾಕ್ಯದಲ್ಲಿ ಬದಲಿಸಿ ಬದಲಿಸಿ ಇಟ್ಟು ನೋಡುವುದು ನಾನು ಕಂಡುಕೊಂಡ ಮಾರ್ಗ. ‘ನಾಳೆಯ ಸಂದರ್ಶನದ ಬಗ್ಗೆ ನಾನು ಹೀಗಿದ್ದೇನೆ’ ಎಂಬಲ್ಲಿ ನಾಲ್ಕೂ ವ್ಯಾಕರಣಕ್ಕೆ ಒಪ್ಪುತ್ತವೆ, ಆದರೆ ಹೇಳುವ ಸಂಗತಿ ಪ್ರತಿ ಸಲವೂ ಬೇರೆಯಾಗುತ್ತದೆ.

ನರ್ವಸ್ ಎಂದಾಗ ಸಂದರ್ಶನಕ್ಕೆ ಕೂರುವವನು ಸಾಮಾನ್ಯವಾಗಿ ನಾನೇ. ಎದೆ ಪುಕಪುಕ ಎನ್ನುವುದು, ಅಂಗೈ ಬೆವರುವುದು ಆ ಪದದೊಳಗೇ ಇದೆ. ವರೀಡ್ ಎಂದಾಗ ಸಂದರ್ಶನ ಮಗಳದೂ ಆಗಿರಬಹುದು, ಏಕೆಂದರೆ ಅಲ್ಲಿ ನಡುಗುವುದು ಮೈಯಲ್ಲ, ‘ಏನಾಗಿಬಿಡುತ್ತದೋ’ ಎಂದು ಸುತ್ತುವ ಯೋಚನೆ. ವಾಕ್ಯವನ್ನು ಹಿಂದಕ್ಕೆ ತಳ್ಳಿ, ಆಗಲೇ ಬರೆದು ಮುಗಿಸಿದ ಪರೀಕ್ಷೆಯ ಉತ್ತರಗಳ ಬಗ್ಗೆ ಹೇಳಿದರೆ ವರೀಡ್ ಹಾಗೆಯೇ ನಿಲ್ಲುತ್ತದೆ, ನರ್ವಸ್ ಸ್ವಲ್ಪ ಜಾರುತ್ತದೆ. ಸ್ವಭಾವವನ್ನು ಸೂಚಿಸಲು ಮಾತ್ರ ನರ್ವಸ್ ಮೇಲು: ನರ್ವಸ್ ವ್ಯಕ್ತಿ ಎಂದರೆ ಸದಾ ಅಳುಕುವವನು, ವರೀಡ್ ವ್ಯಕ್ತಿ ಎಂದರೆ ಈಗ ಚಿಂತೆಯಲ್ಲಿರುವವನು.

ಆಂಕ್ಷಿಯಸ್ ಇವೆರಡಕ್ಕಿಂತ ಭಾರ. ಅದರ ಹಿಂದಿನ ಲ್ಯಾಟಿನ್ ಧಾತುವಿಗೆ ಹಿಸುಕುವುದೆಂದು ಅರ್ಥ. (ವರಿ ಕೂಡ ಹಳೆಯ ಇಂಗ್ಲಿಷಿನಲ್ಲಿ ಕುತ್ತಿಗೆ ಅದುಮುವುದೇ ಆಗಿತ್ತು.) ಆದರೆ ಮುಂದೆ ‘ಟು’ ಮತ್ತು ಕ್ರಿಯಾಪದ ಬಂದೊಡನೆ ಇದೇ ಪದ ಕಾತರವಾಗಿ ತಿರುಗುತ್ತದೆ: ‘ಆಂಕ್ಷಿಯಸ್ ಟು ಮೀಟ್ ಯು’ ಎಂದವರು ನಮ್ಮನ್ನು ಕಂಡು ಹೆದರಿದವರಲ್ಲ. ಈ ಬಳಕೆ ತಪ್ಪೆನ್ನುವವರಿದ್ದಾರೆ. 18ನೇ ಶತಮಾನದಿಂದ ನಡೆದುಬಂದಿರುವುದನ್ನು ತಪ್ಪೆನ್ನಲು ನನಗೆ ಕಾರಣ ಕಾಣುವುದಿಲ್ಲ.

ನನ್ನ ಒಲವು ಅನ್‌ಈಸಿಯ ಕಡೆಗೆ. ಕಾರಣವನ್ನು ಬೊಟ್ಟುಮಾಡಿ ತೋರಿಸಲಾಗದ ಕಸಿವಿಸಿಗೆ, ಅದರಲ್ಲೂ ಒಬ್ಬರು ಕೊಟ್ಟ ಹಣವನ್ನು ಪಡೆಯಲು ಮನಸ್ಸು ಒಪ್ಪದಂಥ ಸಂದರ್ಭಕ್ಕೆ, ಉಳಿದ ಮೂರೂ ಸಾಲುವುದಿಲ್ಲ. ಮನುಷ್ಯರನ್ನು ಬಿಟ್ಟು ಕದನವಿರಾಮ, ಮೌನ, ನಿದ್ದೆ ಮೊದಲಾದವುಗಳಿಗೂ ಅದು ಸಲೀಸಾಗಿ ಅಂಟಿಕೊಳ್ಳುತ್ತದೆ.

ಇವೆಲ್ಲಕ್ಕೂ ಸೇರಿ ನಾವು ‘ಟೆನ್ಷನ್’ ಒಂದನ್ನೇ ಬಳಸುತ್ತೇವೆ. ಕಚೇರಿಯ ಪತ್ರಗಳಿಗೆ ಮಾತ್ರ ಈ ನಾಲ್ಕಕ್ಕಿಂತ ಕನ್ಸರ್ನ್ಡ್ ಎಂಬ ಇನ್ನೊಂದು ಪದ ಸೂಕ್ತ. ಅದರಲ್ಲಿ ಕಾಳಜಿಯಿದೆ, ಕಂಪನವಿಲ್ಲ. ಆದರೆ ಅದರ ಸ್ಥಾನವನ್ನು ಗಮನಿಸಬೇಕು: ನಮ್ಮ ಕಚೇರಿಗಳಲ್ಲಿ ‘ಕನ್ಸರ್ನ್ಡ್ ಆಫೀಸರ್’ ಎಂದರೆ ಸಂಬಂಧಪಟ್ಟ ಅಧಿಕಾರಿ, ಬ್ರಿಟನ್ನಿನ ಓದುಗರಿಗೆ ಅವರು ಚಿಂತೆಗೊಳಗಾದ ಅಧಿಕಾರಿ. ಅಲ್ಲಿಗೆ ಬರೆಯುವಾಗ ‘ಆಫೀಸರ್ ಕನ್ಸರ್ನ್ಡ್’ ಎಂದೇ ಬರೆಯಬೇಕು.